ಕರುಣರಸ, ಐವತ್ತು ಮಿಲಿ

ತಪ್ಪು ನಂದೇ ಅಂತ ಮೊದಲೇ ಒಪ್ಕೊಂಡ್ಬಿಡ್ತೀನಿ. ಆಮೇಲೆ ನೀವು ನಿಧಾನಕ್ಕೆ ಕೇಳಬಹುದು.

ನಾನು ವಿಶ್ವವಿದ್ಯಾಲಯದ ಆಡಳಿತ ಕಚೇರೀಲಿ ಟಪಾಲು ಶಾಖೆಯವನು, ಚಂದ್ರಾಚಾರಿ ಅಂತ. ಹೊರಗಿಂದ ಬಂದ ಪ್ರತಿ ಕಾಗದಕ್ಕೂ 'ಆವಕ' ಅಂತ ಸೀಲು ಒತ್ತಿ, ಇದು ಯಾವ ವಿಭಾಗಕ್ಕೆ ಅಂತ ಮೂಲೇಲಿ ಕೆಂಪು ಶಾಯಿಯಿಂದ ಗುರುತು ಹಾಕೋದು ನನ್ನ ಕೆಲಸ. ಇಪ್ಪತ್ತಾರು ವರ್ಷದಲ್ಲಿ ಗುರುತು ಹಾಕದೆ ಒಂದು ಚೀಟೀನೂ ನನ್ನ ಟೇಬಲ್ ಮೇಲೆ ಉಳಿದಿರಲಿಲ್ಲ. ಒಂದ್ಸಲ ಕಿಟಕಿಯಿಂದ ಒಂದು ಉಡ ಒಳಗೆ ಬಂತು. ಅದಕ್ಕೂ ಬೆನ್ನ ಮೇಲೆ ಸೀಲು ಒತ್ತಿ ಪ್ರಾಣಿಶಾಸ್ತ್ರಕ್ಕೆ ಕಳಿಸಿದೆ. ಸಹಿ ಮಾಡಿ ಇಟ್ಕೊಂಡ್ರು.

ನಮ್ಮ ಕ್ಯಾಂಪಸ್ಸಿನ ನಡುವೆ ಒಂದು ಟಾರು ರಸ್ತೆ. ಪೂರ್ವಕ್ಕೆ ವಿಜ್ಞಾನ, ಪಶ್ಚಿಮಕ್ಕೆ ಕಲೆ. ಪೂರ್ವಕ್ಕೆ ಜನರೇಟರ್ ಇತ್ತು, ಪಶ್ಚಿಮಕ್ಕೆ ಹೊಂಗೆ ಮರ ಇತ್ತು. ಆ ಕಡೆಯವರು ಈ ಕಡೆಯವರನ್ನ 'ಹರಟೆ ನಿಕಾಯ' ಅಂತಿದ್ರು. ಈ ಕಡೆಯವರು ಆ ಕಡೆಯವರನ್ನ 'ಸೀಸೆಗಳು' ಅಂತಿದ್ರು. ಎರಡೂ ಕಡೆ ಸಲೀಸಾಗಿ ಓಡಾಡ್ಕೊಂಡಿದ್ದದ್ದು ಕ್ಯಾಂಟೀನಿನ ಬೆಕ್ಕು ಮತ್ತೆ ನಾನು, ಇಬ್ಬರೇ.

ಜೂನ್ ತಿಂಗಳಲ್ಲಿ ಸರ್ಕಾರದಿಂದ ಒಂದು ಕಾಗದ ಬಂತು. 'ರಸ ಸಂಶೋಧನಾ ಕೇಂದ್ರ ಸ್ಥಾಪನೆ. ನವರಸಗಳ ಸ್ವರೂಪ, ನಿಷ್ಪತ್ತಿ ಹಾಗೂ ಸಂರಕ್ಷಣೆ ಕುರಿತು ಅನುದಾನ ಮಂಜೂರಾತಿ.' ಊಟದ ಬೆಲ್ಲಿಗೆ ಇನ್ನೈದು ನಿಮಿಷ ಇತ್ತು. ಕಣ್ಣಿಗೆ 'ರಸ' ಅಂತ ಬಿತ್ತು, ಕೈ 'ರಸಾಯನಶಾಸ್ತ್ರ' ಅಂತ ಬರೀತು. ಅಷ್ಟೇ ಆಗಿದ್ದು.

ರಸಾಯನಶಾಸ್ತ್ರದ ಮುಖ್ಯಸ್ಥರು ಡಾಕ್ಟರ್ ವಸುಪಾಲ. ಬಂದ ಅನುದಾನಾನ ವಾಪಸ್ ಕಳಿಸೋದು ಅಂದ್ರೆ ಅವರಿಗೆ ಬಂದ ನೆಂಟರನ್ನ ಬಾಗಿಲಿಂದ ಓಡಿಸಿದ ಹಾಗೆ. ಮೂರು ಗಂಟೆಗೆ ಫೋನು ಮಾಡಿದ್ರು.

"ಆಚಾರ್ರೇ, ಒಂಬತ್ತು ರಸ ಅಂತ ಬರ್ದಿದೆಯಲ್ರೀ, ಯಾವ್ಯಾವ್ದು? ನನಗೆ ಗೊತ್ತಿರೋದು ಪಾದರಸ, ನಿಂಬೆರಸ, ಕಬ್ಬಿನರಸ. ಜಠರರಸ ಸೇರಿಸಿದ್ರೆ ನಾಲ್ಕು."

"ಸಾರ್, ಅದು ಬೇರೆ ರಸ ಇರ್ಬೇಕು. ರಸ್ತೆ ಆಚೆ ಓಬಳಯ್ಯ ಮೇಷ್ಟ್ರನ್ನ ಕೇಳಿ" ಅಂದೆ. ಫೋನಿಟ್ಟು, ಆವಕದ ಪುಸ್ತಕ ತೆಗೆದು ನಾನು ಬರೆದಿದ್ದನ್ನ ಇನ್ನೊಂದ್ಸಲ ನೋಡಿದೆ.

ಓಬಳಯ್ಯನವರು ಕನ್ನಡ ವಿಭಾಗದ ಮುಖ್ಯಸ್ಥರು. ವಿಭಾಗದಲ್ಲಿ ಉಳಿದಿದ್ದ ಒಬ್ಬರೇ ಖಾಯಂ ಮೇಷ್ಟ್ರು ಕೂಡ ಅವರೇ, ಹಾಗಾಗಿ ಮೀಟಿಂಗುಗಳು ಬೇಗ ಮುಗೀತಿದ್ವು. ವಿದ್ಯಾರ್ಥಿಗಳು ಮೂರು ಜನ. ಐದಕ್ಕಿಂತ ಕಮ್ಮಿ ಆದ್ರೆ ವಿಭಾಗ ಮುಚ್ಚಬೇಕು ಅಂತ ನಿಯಮ. ಕುಲಪತಿಗಳ ಮೇಜಿನ ಮೇಲೆ ಆ ಫೈಲು ಸಹಿಗೆ ಕಾಯ್ತಾ ಇತ್ತು.

ಮೇಷ್ಟ್ರು ಕ್ಲಾಸಲ್ಲಿ ಅಳೋದಕ್ಕೆ ಹೆಸರಾದವರು. ಯಾವುದೋ ಊರಿನ ಅಜ್ಜಿಯಿಂದ ಅವರೇ ಬರ್ಕೊಂಡು ಬಂದಿದ್ದ ಬೀಸುಕಲ್ಲಿನ ಪದ ಒಂದಿತ್ತು. ಒಬ್ಬ ತಾಯಿ ಮಗೂನ ಊಟಕ್ಕೆ ಕರೀತಾಳೆ, ಮಗು ಬರಲ್ಲ, ಕರೀತಾನೇ ಇರ್ತಾಳೆ. ಕೊನೇ ಸಾಲು, 'ಆರಿದ ಅನ್ನಕೆ ಯಾರ ಹೆಸರಿಡಲಿ.' ಮೇಷ್ಟ್ರು ಒಂಬತ್ತನೇ ಸಾಲಿಗೆ ಅಳ್ತಾರೋ ಹನ್ನೊಂದನೇ ಸಾಲಿಗೆ ಅಳ್ತಾರೋ ಅಂತ ಹುಡುಗರು ಮಸಾಲೆ ದೋಸೆ ಪಂಥ ಕಟ್ಟೋರು. ಕೊನೇ ಸಾಲಿನವರೆಗೆ ಅವರು ಯಾವತ್ತೂ ಹೋದವರಲ್ಲ. ಅದನ್ನ ಹುಡುಗರು ಪುಸ್ತಕದಲ್ಲೇ ಓದ್ಕೊಬೇಕಿತ್ತು.

ಯಾಕೆ ಅಂತ ಕ್ವಾರ್ಟರ್ಸಿನವರಿಗೆಲ್ಲ ಗೊತ್ತಿತ್ತು. ಮೇಷ್ಟ್ರಿಗೆ ಇಂಚರ ಅಂತ ಒಬ್ಬಳೇ ಮಗಳಿದ್ದಳು. ಏಳು ವರ್ಷಕ್ಕೆ ಮೆದುಳು ಜ್ವರ ಬಂದು ಹೋಗ್ಬಿಟ್ಟಳು. ಇಪ್ಪತ್ತೆರಡು ವರ್ಷ ಆಯ್ತು. ಪ್ರತಿ ಜನವರಿ ಒಂಬತ್ತಕ್ಕೆ ಅವರ ಮನೆಯವರು ನಾಗವೇಣಮ್ಮ ಗೋಧಿ ಪಾಯಸ ಮಾಡಿ, ಮಗಳ ಪುಟ್ಟ ಸ್ಟೀಲ್ ತಟ್ಟೇಲಿ ಬಡಿಸಿ, ಫೋಟೋ ಮುಂದೆ ಇಡೋರು. ಗಂಡ ಹೆಂಡತಿ ಆ ಕಡೆ ಈ ಕಡೆ ಕೂತು ಅರ್ಧ ಗಂಟೆ ಅತ್ತು, ಆಮೇಲೆ ಪಾಯಸ ಆರಿದ ಮೇಲೆ ಇಬ್ಬರೂ ಹಂಚ್ಕೊಂಡು ತಿನ್ನೋರು. ಪಕ್ಕದ ಮನೆಯವನಾದ್ದರಿಂದ ನನಗೂ ಒಂದು ಲೋಟ ಬರ್ತಿತ್ತು.

ನನ್ನ ತಪ್ಪನ್ನ ಮೇಷ್ಟ್ರ ಹತ್ತಿರ ಹೋಗಿ ಹೇಳಿದೆ. "ಸಾರ್, ಆ ಅನುದಾನ ನಿಮ್ಮದು. ಆ ಕಡೆಯವರು ಸಹಿ ಮಾಡ್ಕೊಂಡ್ಬಿಟ್ಟಿದ್ದಾರೆ. ಸಹಿ ಆದ ಕಾಗದ ವಾಪಸ್ ತರೋಕೆ ದಾರಿ ಇಲ್ಲ."

ಅವರು ನಕ್ಬಿಟ್ರು. "ಹೋಗ್ಲಿ ಬಿಡಯ್ಯ ಚಂದ್ರಾಚಾರಿ. ರಸ ಅನ್ನೋ ಒಂದು ಮಾತು ಕೊನೆಗೂ ರಸ್ತೆ ದಾಟ್ತಲ್ಲ."

ಮಾರನೇ ದಿನ ತಾವೇ ರಸ್ತೆ ದಾಟಿ, ವಸುಪಾಲರ ಲ್ಯಾಬಲ್ಲಿ ಸ್ಟೂಲಿನ ಮೇಲೆ ಕೂತು, ಬೆಳಗಿಂದ ಸಂಜೆವರೆಗೆ ಒಂಬತ್ತು ರಸದ ಪಾಠ ಮಾಡಿದ್ರು. ಶೃಂಗಾರ, ಹಾಸ್ಯ, ಕರುಣ, ರೌದ್ರ, ಹೀಗೇ. "ನೋಡಿ ವಸುಪಾಲ್, ನನ್ನ ದುಃಖ ನಂದು. ಅದೇ ದುಃಖ ಪದ್ಯದೊಳಗೆ ಹೋಗಿ ಬಂದ್ರೆ ಅದು ಯಾರದ್ದೂ ಅಲ್ಲ, ಎಲ್ಲರದ್ದು. ಅದಕ್ಕೇ ರಸ ಅನ್ನೋದು" ಅಂದ್ರು. ವಸುಪಾಲರು ಇಷ್ಟುದ್ದ ನೋಟ್ಸ್ ಬರ್ಕೊಂಡು, ಕೊನೇಲಿ ಒಂದೇ ಪ್ರಶ್ನೆ ಕೇಳಿದ್ರು.

"ಮೈ ಜುಂ ಅನ್ನುತ್ತಲ್ಲ ಸಾರ್, ಅದು ಎಲ್ಲಿಂದ ಶುರುವಾಗುತ್ತೆ?"

ಮೇಷ್ಟ್ರು ಕತ್ತಿನ ಹಿಂಭಾಗ ಮುಟ್ಟಿ ತೋರಿಸಿದ್ರು. ಅಲ್ಲಿಗೆ ಮುಗೀತು.

ಯಂತ್ರ ಏನು ದೊಡ್ಡದಲ್ಲ. ಜುಂ ಅಂದಾಗ ಆ ಜಾಗದ ಬೆವರಲ್ಲಿ ಹನ್ನೊಂದು ಸೆಕೆಂಡು ಒಂದು ಪದಾರ್ಥ ಹೊರಗೆ ಬರುತ್ತಂತೆ. ಮಾಮೂಲಿಯಾಗಿ ಅದು ಆವಿಯಾಗಿ, ಉಸಿರಲ್ಲಿ ಸೇರಿ, ಮತ್ತೆ ಅದೇ ಮನುಷ್ಯನೊಳಗೆ ಹೋಗುತ್ತೆ. ವಸುಪಾಲರು ಐಸಿಗಿಂತ ತಣ್ಣಗಿರೋ ಒಂದು ಬೆಳ್ಳಿ ಬಿಲ್ಲೆಯನ್ನ ಅಲ್ಲಿಗೆ ಅಂಟಿಸಿದ್ರು. ಆವಿ ಆಗೋ ಮೊದಲೇ ಹನಿಯಾಗಿ, ಕೊಳವೇಲಿ ಇಳಿದು, ಸೀಸೆಗೆ ಬೀಳೋ ಹಾಗೆ.

ಮೊದಲು ತಮ್ಮ ಸಂಶೋಧನಾ ವಿದ್ಯಾರ್ಥಿಗಳ ಮೇಲೇ ಪ್ರಯೋಗ ಮಾಡಿದ್ರು. ಹದಿನಾಲ್ಕು ಜನರನ್ನ ಸಾಲಾಗಿ ಕೂರಿಸಿ ಪದ್ಯ ಓದಿಸಿದ್ರು. ಎಲ್ಲರಿಂದ ಸೇರಿ ಒಂದೇ ರಸ ಬಂತು, ಭಯಾನಕ. ಅದೂ ವಸುಪಾಲರು ರೂಮಿಗೆ ಬಂದಾಗ ಮಾತ್ರ. ಆಮೇಲೆ ಕಲೆ ಕಡೆಯಿಂದ ಸಮಾಜಶಾಸ್ತ್ರದವರೊಬ್ಬರು ಹೋದ್ರು. ಕುಲಪತಿಗಳ ಫೋಟೋ ತೋರಿಸಿದ ತಕ್ಷಣ ಅರ್ಧ ಲೀಟರ್ ಬೀಭತ್ಸ ಬಂತು. ಅದನ್ನ ರಿಪೋರ್ಟಲ್ಲಿ ಹಾಕಲಿಲ್ಲ.

ಆಮೇಲೆ ಓಬಳಯ್ಯನವರು ಕೂತು ಬೀಸುಕಲ್ಲಿನ ಪದ ಶುರು ಮಾಡಿದ್ರು. ಒಂಬತ್ತನೇ ಸಾಲಿಗೆ ಕೊಳವೆ ತುಂಬ್ತು. ತೆಳು ಕಷಾಯದ ಬಣ್ಣ. ವಾಸನೆ, ಒದ್ದೆ ಬಟ್ಟೇಲಿ ಒರೆಸಿದ ಸ್ಲೇಟಿಂದು.

ಕೆಲಸ ಮಾಡುತ್ತಾ ಅಂತ ನೋಡಬೇಕಲ್ಲ. ಅದಕ್ಕೆ ಕುಲಸಚಿವರನ್ನ ಆರಿಸಿದ್ರು. ತಮ್ಮ ತಾಯಿ ತೀರ್ಕೊಂಡ ದಿನ ಬಜೆಟ್ ಸಭೆ ಮುಗಿಸಿ ಹೋದ ಮನುಷ್ಯ ಅವರು. ಕಾಫೀಲಿ ಎರಡು ಹನಿ ಹಾಕಿ ಕೊಟ್ರು. ಎಂಟು ವರ್ಷದ ಹಿಂದೆ ತಾವೇ ತಿರಸ್ಕರಿಸಿದ್ದ ಒಂದು ರಜೆ ಅರ್ಜಿ ಎದೆಗೊತ್ಕೊಂಡು ನಲವತ್ತು ನಿಮಿಷ ಅತ್ರು. ಆ ನಲವತ್ತು ನಿಮಿಷದಲ್ಲಿ ನಾನು ಹದಿನೇಳು ಫೈಲಿಗೆ ಸಹಿ ಹಾಕಿಸ್ಕೊಂಡೆ.

ಕುಲಪತಿಗಳು ಅವತ್ತೇ ಮೇಷ್ಟ್ರನ್ನ ಕರೆಸಿದ್ರು. "ಓಬಳಯ್ಯನವರೇ, ಇಳುವರಿ ಇರೋವರೆಗೆ ನಿಮ್ಮ ವಿಭಾಗ ಮುಚ್ಚಲ್ಲ. ಬಾಯ್ಮಾತಲ್ಲ, ಬರ್ದು ಕೊಡ್ತೀನಿ." ಕನ್ನಡ ವಿಭಾಗದ ಬೋರ್ಡಿನ ಕೆಳಗೆ ಚಿಕ್ಕಕ್ಷರದಲ್ಲಿ 'ಕಚ್ಚಾವಸ್ತು ಘಟಕ' ಅಂತ ಬರೆಸಿದ್ರು. ಮೂವತ್ತು ವರ್ಷದಲ್ಲಿ ಮೊದಲ ಸಲ ಆ ಕಟ್ಟಡಕ್ಕೆ ಸುಣ್ಣ ಬಣ್ಣ ಆಯ್ತು.

ರಸ ತೆಗೆಯೋದಕ್ಕೆ ಮೇಷ್ಟ್ರು ಸಹಿ ಹಾಕಬೇಕಾದ ಒಪ್ಪಿಗೆ ಪತ್ರ ಇಂಗ್ಲಿಷಲ್ಲಿತ್ತು. ಆರು ಪುಟ. ಮೇಷ್ಟ್ರು ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಕೊಂಡು, ಸವೆದ ಶಾಸನ ಓದೋ ಹಾಗೆ ಓದಿ, ಐದನೇ ಪುಟದಲ್ಲಿ ನಿಂತ್ರು.

"ಇದೇನಯ್ಯ ಚಂದ್ರಾಚಾರಿ, ನಾನ್-ರಿನ್ಯೂಯಬಲ್ ಅಂತಿದೆ?"

ನಮ್ಮ ಕಚೇರೀಲಿ ಆ ಪದಕ್ಕೆ ಒಂದೇ ಅರ್ಥ. ಅತಿಥಿ ಉಪನ್ಯಾಸಕರು ವರ್ಷಾ ವರ್ಷಾ ರಿನ್ಯೂವಲ್ ಅಂತ ನನ್ನ ಟೇಬಲ್ ಮುಂದೆ ಕ್ಯೂ ನಿಲ್ತಾರೆ. ಅದನ್ನ ನೆನಸ್ಕೊಂಡು, ಸಂತೋಷವಾಗೇ ಹೇಳಿದೆ. "ವರ್ಷಾ ವರ್ಷಾ ರಿನ್ಯೂ ಮಾಡಿಸ್ಬೇಕಾಗಿಲ್ಲ ಅಂತ ಸಾರ್. ಒಂದೇ ಸಲ."

"ಪರವಾಗಿಲ್ವೇ, ಉದಾರಿಗಳು" ಅಂತ ಸಹಿ ಹಾಕಿದ್ರು.

ಮೊದಲೆರಡು ತಿಂಗಳು ಮನೇಲಿ ಒಳ್ಳೇದೇ ಆಯ್ತು. ಮೇಷ್ಟ್ರಿಗೆ ನಿದ್ದೆ ಬರ್ತಿತ್ತು. ಟೀವೀಲಿ ಸೊಸೆ ಅತ್ರೆ ತಾವೂ ಅಳ್ತಿದ್ದವರು ಈಗ ಎದ್ದು ಹೋಗಿ ಬಾಳೆಹಣ್ಣು ತಿಂತಿದ್ರು. ಬಿ.ಪಿ. ಇಳೀತು. ನಾಗವೇಣಮ್ಮ ವಸುಪಾಲರಿಗೆ ಒಂದು ಡಬ್ಬಿ ಚಕ್ಕುಲಿ ಕಳಿಸಿದ್ರು.

ಲ್ಯಾಬಲ್ಲಿ ಗ್ರಾಫು ಬೇರೆ ಕಥೆ ಹೇಳ್ತಿತ್ತು. ಅಕ್ಟೋಬರಲ್ಲಿ ಒಂದಿನ ಟಪಾಲು ಕೊಡೋಕೆ ಹೋದಾಗ ವಸುಪಾಲರು ಗೋಡೆ ಮುಂದೆ ನಿಂತಿದ್ರು. ಗೆರೆ ಇಳೀತಾ ಇತ್ತು.

"ಬಾವಿ ಅಂದ್ಕೊಂಡಿದ್ವಿ ಆಚಾರ್ರೇ. ಸೇದಿದ್ರೆ ಮತ್ತೆ ಊರುತ್ತೆ ಅಂತ. ಇದು ಟ್ಯಾಂಕು. ಅತ್ತಾಗ ಸೋರಿದ್ದು ಅವರೊಳಗೇ ವಾಪಸ್ ಹೋಗ್ತಿತ್ತು. ನಾವು ಹೋಗೋಕೆ ಬಿಡ್ತಿಲ್ಲ."

"ಮೇಷ್ಟ್ರಿಗೆ ಗೊತ್ತಾ ಸಾರ್?"

"ಹಾಗೂ ಆಗಬಹುದು ಅಂತ ಫಾರಮ್ಮಲ್ಲಿ ಮೊದಲೇ ಹಾಕಿದ್ವಲ್ರೀ, ನಾನ್-ರಿನ್ಯೂಯಬಲ್ ಅಂತ. ಓದಿ ಸಹಿ ಹಾಕಿದ್ದಾರೆ. ಪ್ರೊಫೆಸರ್ ಅವರು."

ನಾನು ಸ್ವೀಕೃತಿ ಸಹಿ ಹಾಕಿಸ್ಕೊಂಡು ಬಂದೆ. ಮೇಷ್ಟ್ರ ಹತ್ತಿರ ಹೋಗಿ ಹೇಳಬಹುದಿತ್ತು. ಆದ್ರೆ ಆಗ 'ನೀನೇ ತಾನೆ ಅರ್ಥ ಹೇಳಿದ್ದು' ಅಂತಾರೆ. ಇಪ್ಪತ್ತಾರು ವರ್ಷದ ಸರ್ವೀಸಲ್ಲಿ ಒಂದು ತಪ್ಪು ಒಪ್ಕೊಂಡಿದ್ದೆ. ಒಂದೇ ವರ್ಷದಲ್ಲಿ ಎರಡನೇದು ಒಪ್ಕೊಳ್ಳೋಕೆ ನಾಲಗೆ ಬರಲಿಲ್ಲ.

ಕರುಣ ಕಮ್ಮಿ ಆದ ಹಾಗೆ ಬೇರೆ ಸೀಸೆಗಳನ್ನ ಇಟ್ರು. ಹಾಸ್ಯ ಹೋಯ್ತು, ಆಮೇಲೆ ರೌದ್ರ. ದೀಪಾವಳಿ ಮುಗಿದ ವಾರ ನಾಗವೇಣಮ್ಮ ಕಾಂಪೌಂಡಿನ ಹತ್ತಿರ ನನ್ನ ಕರೆದ್ರು.

"ಚಂದ್ರಣ್ಣ, ನಿನ್ನೆ ಸಾರಿಗೆ ಉಪ್ಪು ಹಾಕೋದೇ ಮರೆತಿದ್ದೆ. ಬೈಲೇ ಇಲ್ಲ ಕಣಪ್ಪ."

"ಒಳ್ಳೇದಲ್ವೇನಕ್ಕ?"

"ಮೂವತ್ತೊಂದು ವರ್ಷದಲ್ಲಿ ಒಂದು ದಿನಾನೂ ಬೈಯದೇ ಬಿಟ್ಟವರಲ್ಲ. ಸುಮ್ನೆ ತಿಂದ್ರು. ನಂಗೆ ಹೆದರಿಕೆ ಆಯ್ತು." ಕಾಂಪೌಂಡಿಗೆ ಇನ್ನೂ ಹತ್ತಿರ ಬಂದ್ರು. "ಇವತ್ತು ಬೆಳಗ್ಗೆ ಮಗು ಫೋಟೋ ಒರೆಸ್ತಿದ್ರು. ಅದಕ್ಕೆ ಮುಂಚೆ ಸ್ವಿಚ್ ಬೋರ್ಡ್ ಒರೆಸಿದ್ರು. ಎರಡನ್ನೂ ಒಂದೇ ಥರ ಒರೆಸಿದ್ರು ಚಂದ್ರಣ್ಣ. ಒಂದೇ ಥರ."

ಕ್ಲಾಸಲ್ಲಿ ಅದೇ ವಾರ ಮೇಷ್ಟ್ರು ಬೀಸುಕಲ್ಲಿನ ಪದಾನ ಮೊದಲ ಸಲ ಕೊನೇ ಸಾಲಿನವರೆಗೆ ಓದಿದ್ರು. ಓದಿ, "ಇಲ್ಲಿ ಪ್ರಾಸ ಸ್ವಲ್ಪ ಸಡಿಲ" ಅಂದು ಪುಸ್ತಕ ಮುಚ್ಚಿದ್ರಂತೆ. ದೋಸೆ ಪಂಥ ಯಾರೂ ಗೆಲ್ಲಲಿಲ್ಲ. ಮೂರು ಜನದಲ್ಲಿ ಒಬ್ಬಳು ಕ್ಲಾಸ್ ಬಿಟ್ಟು ಹೋಗಿ ಹೊಂಗೆ ಮರದ ಕೆಳಗೆ ಅತ್ತಳಂತೆ. ವಸುಪಾಲರ ಕಡೆಯವರು ಬಿಲ್ಲೆ ಹಿಡ್ಕೊಂಡು ಓಡಿ ಬರೋಷ್ಟರಲ್ಲಿ ನಿಲ್ಲಿಸಿದ್ದಳು.

ಡಿಸೆಂಬರ್ ಕೊನೇಲಿ ನಾಗವೇಣಮ್ಮ ಲ್ಯಾಬಿಗೇ ಹೋದ್ರು. ನಾನು ಟಪಾಲು ಹಿಡ್ಕೊಂಡು ಅಲ್ಲೇ ಇದ್ದೆ.

"ಸ್ವಾಮಿ, ಇನ್ನೇನು ಒಂಬತ್ತನೇ ತಾರೀಕು ಬಂತು. ಅವರದ್ದು ಒಂದು ಸೀಸೆ ವಾಪಸ್ ಕೊಡಿ. ಆ ಒಂದು ದಿನಕ್ಕೆ."

"ಕರುಣ ಎಲ್ಲಾ ಬುಕ್ ಆಗಿದೆ ಮೇಡಂ" ಅಂದ್ರು ವಸುಪಾಲರು, ಪಾಪ ಮರ್ಯಾದೆಯಿಂದಲೇ. "ಶ್ರದ್ಧಾಂಜಲಿ ಸಭೆಗಳಿಗೆ ತುಂಬಾ ಡಿಮ್ಯಾಂಡ್ ಇದೆ. ಇರೋದೊಂದು ಸೀಸೆ, ಅದು ಮಾದರಿಗೆ. ಅದನ್ನ ಮುಟ್ಟೋ ಹಾಗಿಲ್ಲ."

"ಅವಳಿಗೆ ಅಂತ ಅಳೋರು ಈ ಭೂಮಿ ಮೇಲೆ ಇಬ್ಬರೇ ಸ್ವಾಮಿ. ಇನ್ಮೇಲೆ ನಾನೊಬ್ಬಳೇ ಅಳ್ಬೇಕಾ?"

ವಸುಪಾಲರು ಅದನ್ನೂ ಬರ್ಕೊಂಡ್ರು.

ವಿಜ್ಞಾನದವರು ದೇವರಿಗೆ ಹೆದರ್ತಾರೋ ಇಲ್ವೋ ಗೊತ್ತಿಲ್ಲ, ಸೀಲಿಗೆ ಹೆದರ್ತಾರೆ. 'ಪರಿಶೀಲನೆಗಾಗಿ ಕರುಣರಸ ಮಾದರಿ, ಐವತ್ತು ಮಿಲಿ, ಕೂಡಲೇ ಕಳುಹಿಸತಕ್ಕದ್ದು' ಅಂತ ಕುಲಸಚಿವರ ಹೆಸರಲ್ಲಿ ನಾನೇ ಟೈಪ್ ಮಾಡಿ, ನಾನೇ ಸೀಲು ಒತ್ತಿ, ನಾನೇ ತಗೊಂಡ್ಹೋಗಿ ಕೊಟ್ಟೆ. ಅರ್ಧ ಗಂಟೇಲಿ ಸೀಸೆ ನನ್ನ ಟೇಬಲ್ ಮೇಲಿತ್ತು. ಜೊತೆಗೆ ಮೂರು ಪ್ರತಿ ಚಲನ್.

ಒಂಬತ್ತನೇ ತಾರೀಕು ಮಧ್ಯಾಹ್ನ. ಪುಟ್ಟ ತಟ್ಟೇಲಿ ಪಾಯಸ, ಫೋಟೋ, ಆ ಕಡೆ ಮೇಷ್ಟ್ರು, ಈ ಕಡೆ ನಾಗವೇಣಮ್ಮ. ಬಾಗಿಲ ಹತ್ತಿರ ನಾನು. ಮೇಷ್ಟ್ರು ಗಡಿಯಾರ ನೋಡ್ತಾ ಕೂತಿದ್ರು. ನಾಗವೇಣಮ್ಮ ಪೂರ್ತಿ ಸೀಸೇನ ಒಂದು ಲೋಟ ಪಾಯಸಕ್ಕೆ ಬಗ್ಗಿಸಿ ಕುಡಿಸಿದ್ರು.

ಐದು ನಿಮಿಷಕ್ಕೆ ಮೇಷ್ಟ್ರ ಕತ್ತು ನಡುಗ್ತು. ಕಣ್ಣು ತುಂಬ್ತು. "ಅಯ್ಯೋ" ಅಂದ್ರು. ನಾಗವೇಣಮ್ಮ ಅವರ ಕೈ ಹಿಡ್ಕೊಂಡು ತಾವೂ ಶುರು ಮಾಡಿದ್ರು. ನಾನು ನಿಂತಲ್ಲೇ ಕೈ ಮುಗಿದೆ. ಬಂತಲ್ಲ, ವಾಪಸ್ ಬಂತಲ್ಲ ಅಂತ.

"ಆ ಫ್ಯಾನ್ ನೋಡೇ" ಅಂದ್ರು ಮೇಷ್ಟ್ರು ಬಿಕ್ಕುತ್ತಾ. "ಎಷ್ಟು ವರ್ಷದಿಂದ ತಿರುಗ್ತಾನೇ ಇದೆ, ಪಾಪ."

ನಾಗವೇಣಮ್ಮ ಫೋಟೋ ಎತ್ತಿ ಅವರ ಮುಖದ ಮುಂದೆ ಹಿಡಿದ್ರು. "ಇಲ್ಲಿ ನೋಡ್ರೀ. ಇಂಚರ ಕಣ್ರೀ. ನಮ್ಮ ಇಂಚರ."

"ಹೂಂ, ಪಾಪ" ಅಂದ್ರು. ಅತ್ರು. ತಕ್ಷಣ ಬಾಗಿಲ ಕಡೆ ತಿರುಗಿದ್ರು. "ಚಂದ್ರಾಚಾರಿ ಚಪ್ಪಲಿ ನೋಡೇ, ಉಂಗುಷ್ಟ ಕಿತ್ತೋಗಿದೆ. ಪಾಪ." ಅದಕ್ಕೂ ಅಷ್ಟೇ ಅತ್ರು. ಸೌಟಿಗೆ ಅತ್ರು, ಕ್ಯಾಲೆಂಡರಿಗೆ ಅತ್ರು. ಫೋಟೋಗೆ ಎಷ್ಟೋ ಫೋಟೋದ ದಾರಕ್ಕೂ ಅಷ್ಟೇ. ನಾಗವೇಣಮ್ಮ ಫೋಟೋ ಹಿಡ್ಕೊಂಡು ಅವರ ಕಣ್ಣು ತಿರುಗಿದ ಕಡೆಗೆಲ್ಲ ತಿರುಗ್ತಾ ಇದ್ರು.

ಎರಡು ಗಂಟೆ ಆದ ಮೇಲೆ ನಿಲ್ತು. ಮುಖ ಒರೆಸ್ಕೊಂಡು, "ಪಾಯಸ ಇನ್ನೂ ಇದೆಯೇನೇ?" ಅಂದ್ರು.

ಮಾರನೇ ದಿನ ವಸುಪಾಲರಿಗೆ ಎಲ್ಲಾ ಹೇಳಿದೆ. ಸೀಸೆ ಕದ್ದಿದ್ದಕ್ಕೆ ಬೈತಾರೆ ಅಂದ್ಕೊಂಡ್ರೆ, ಮೇಜು ಕುಟ್ಟಿದ್ರು ಸಂತೋಷಕ್ಕೆ. "ರಸ ಯಾರ ಸ್ವಂತದ್ದೂ ಅಲ್ಲ ಅಂತ ಅವರೇ ಇಲ್ಲಿ ಕೂತು ಹೇಳಿದ್ದು! ನಾನು ಸುಮ್ನೆ ಹರಟೆ ಅಂದ್ಕೊಂಡಿದ್ದೆ. ಪ್ರೂವ್ ಆಗ್ಹೋಯ್ತಲ್ರೀ!" ಪ್ರಬಂಧ ಬರೆದ್ರು. ಓಬಳಯ್ಯನವರು ಆರನೇ ಲೇಖಕರು. ನನ್ನ ಹೆಸರು ಕೃತಜ್ಞತೇಲಿ ಬಂತು, ಕಾಗುಣಿತ ತಪ್ಪಾಗಿ.

ಅದೇ ವಾರ ನಾಗವೇಣಮ್ಮ ಮತ್ತೆ ಲ್ಯಾಬಿಗೆ ಬಂದ್ರು. ತಲೆ ಬಾಚ್ಕೊಂಡು, ಹೊಸ ಸೀರೆ ಉಟ್ಕೊಂಡು, ಬ್ಯಾಂಕಿಗೆ ಹೋಗೋರ ಹಾಗೆ.

"ನಂದೂ ತಗೊಂಡ್ಬಿಡಿ ಸ್ವಾಮಿ" ಅಂದ್ರು.

ವಸುಪಾಲರು ಕನ್ನಡಕ ಸರಿ ಮಾಡ್ಕೊಂಡ್ರು. "ಮೇಡಂ, ಸಾಹಿತ್ಯದ ಹಿನ್ನೆಲೆ ಬೇಕಾಗುತ್ತೆ. ನಿಮ್ಮದು ಎಂ.ಎ. ಆಗಿದೆಯಾ?"

"ಏಳನೇ ಕ್ಲಾಸು."

"ಯಾವ ಪದ್ಯ ಓದಿಸೋದು?"

"ಪದ್ಯ ಏನೂ ಬೇಡ. ಆ ತಟ್ಟೆ ತಂದಿದ್ದೀನಿ" ಅಂತ ಚೀಲ ತೋರಿಸಿದ್ರು.

ಫಾರಂ ಕೊಟ್ರು. ನಾಗವೇಣಮ್ಮ ಅದನ್ನ ನನ್ನ ಕಡೆ ಚಾಚಿದ್ರು. "ಚಂದ್ರಣ್ಣ, ನೀನು ಓದಿ ಹೇಳಪ್ಪ. ಅವರಿಗೂ ನೀನೇ ಅಂತೆ ಓದಿ ಹೇಳಿದ್ದು."

ಐದನೇ ಪುಟಕ್ಕೆ ಬಂದೆ. ಈ ಸಲ ಊಟದ ಬೆಲ್ಲಿಗೆ ತುಂಬಾ ಹೊತ್ತಿತ್ತು.

"ತೆಗೆದದ್ದು ಮತ್ತೆ ಬರಲ್ಲ ಅಂತ ಬರ್ದಿದೆ ಅಕ್ಕ."

ನಾಗವೇಣಮ್ಮ ನನ್ನ ಮುಖಾನೇ ನೋಡಿದ್ರು. ಅವರಿಗೆ ಆಗ ಎಲ್ಲಾ ಗೊತ್ತಾಯ್ತು ಅಂತ ನನಗೆ ಗೊತ್ತಾಯ್ತು. ಬೈತಾರೆ ಅಂತ ಕಾದೆ.

"ಮತ್ತೆ ಬಾರದೇ ಇದ್ರೆ ಒಳ್ಳೇದೇ ಅಲ್ವೇನಪ್ಪ" ಅಂದು, ಬಿಡಿಬಿಡಿಯಾಗಿ ಹೆಸರು ಬರೆದು, ಸೀರೆ ಸೆರಗು ಪಕ್ಕಕ್ಕೆ ಮಾಡಿ ಕತ್ತು ಬಗ್ಗಿಸಿದ್ರು.

ಮೊದಲ ದಿನವೇ ಮೂರು ಲೀಟರ್. ಮೇಷ್ಟ್ರಿಂದ ಆರು ತಿಂಗಳಲ್ಲಿ ಬಂದಿದ್ದಕ್ಕಿಂತ ಹೆಚ್ಚು. ಕೊಳವೆ ಒಂದು ಬಿರುಕು ಬಿಟ್ತು. ವಸುಪಾಲರು ಕುಲಪತಿಗಳಿಗೆ ಒಂದು ಪುಟದ ವರದಿ ಕಳಿಸಿದ್ರು: 'ಕರುಣ ಉತ್ಪಾದನೆಗೆ ಸಾಹಿತ್ಯದ ಅಗತ್ಯ ಕಂಡುಬಂದಿರುವುದಿಲ್ಲ.' ಅದೂ ನನ್ನ ಟೇಬಲ್ ಮೇಲಿಂದಾನೇ ಹೋಯ್ತು. ಕನ್ನಡ ವಿಭಾಗದ ಫೈಲಿಗೆ ಅವತ್ತು ಸಂಜೇನೇ ಸಹಿ ಬಿತ್ತು. ಕಟ್ಟಡದಲ್ಲಿ ಈಗ ಖಾಲಿ ಸೀಸೆ ಇಡ್ತಾರೆ. ಇದ್ದ ಮೂರು ವಿದ್ಯಾರ್ಥಿಗಳನ್ನ ಪ್ಯಾಕಿಂಗ್ ಡಿಪ್ಲೊಮಾಗೆ ಸೇರಿಸಿದ್ರು.

ಈ ಜನವರಿ ಒಂಬತ್ತಕ್ಕೆ ಪಾಯಸದ ಲೋಟ ಬರಲಿಲ್ಲ. ನಾನೇ ಹೋದೆ. ಗಂಡ ಹೆಂಡತಿ ಇಬ್ಬರೂ ಚೆನ್ನಾಗಿದ್ದಾರೆ. ಮೈ ಕೈ ತುಂಬ್ಕೊಂಡಿದ್ದಾರೆ. ಜಗಳ ಅನ್ನೋದೇ ಇಲ್ಲ. ಅಡುಗೆ ಮನೆ ತೊಟ್ಟಿ ಹತ್ತಿರ ಆ ಪುಟ್ಟ ತಟ್ಟೇಲಿ ಪಾತ್ರೆ ಉಜ್ಜೋ ಸೋಪಿತ್ತು. ಗೋಡೇಲಿ ಫೋಟೋ ಇದ್ದ ಮೊಳೆಗೆ ಹೊಸ ವರ್ಷದ ಕ್ಯಾಲೆಂಡರ್ ನೇತಾಕಿದ್ರು.

"ಒಳ್ಳೇ ಮೊಳೆ" ಅಂದ್ರು ಮೇಷ್ಟ್ರು. "ಅಲ್ಲಾಡಲ್ಲ."

ನಾಗವೇಣಮ್ಮ ಒಳಗಿಂದ ನ್ಯೂಸ್ ಪೇಪರಲ್ಲಿ ಸುತ್ತಿದ್ದು ಏನೋ ತಂದು ನನ್ನ ಕೈಗೆ ಕೊಟ್ರು. "ಫ್ರೇಮ್ ಗಟ್ಟಿಯಾಗಿದೆ ಚಂದ್ರಣ್ಣ. ಬಿಸಾಕೋಕೆ ಮನಸ್ಸು ಬರಲಿಲ್ಲ. ನಿಂಗೆ ಯಾವುದಕ್ಕಾದ್ರೂ ಆಗುತ್ತೆ, ತಗೊಂಡ್ಹೋಗು."

ಕಚೇರಿಗೆ ತಂದೆ. ಪೇಪರ್ ಬಿಚ್ಚಿದೆ. ಎರಡು ಜಡೆ, ಮುಂದಿನ ಹಲ್ಲೊಂದು ಬಿದ್ದಿದೆ, ಯಾರೋ 'ನಗಬೇಡ' ಅಂದಿದ್ದಕ್ಕೆ ಇನ್ನೂ ಜಾಸ್ತಿ ನಕ್ಕಿರೋ ಹಾಗಿದೆ. ಹೊರಗಿಂದ ಬಂದದ್ದು ತಾನೆ, ಹಿಂದೆ ರಟ್ಟಿನ ಮೇಲೆ 'ಆವಕ' ಅಂತ ಸೀಲು ಒತ್ತಿದೆ. ಕೆಂಪು ಪೆನ್ನು ತೆಗೆದೆ.

ಹನ್ನೊಂದು ತಿಂಗಳಾಯ್ತು. ಇನ್ನೂ ನನ್ನ ಟೇಬಲ್ ಮೇಲೇ ಇದೆ. ಯಾವ ವಿಭಾಗಕ್ಕೆ ಅಂತ ಬರೆಯೋದು?